ಎಂಜಿನ್ ಬದಲಿಸುವ ಮೊದಲು ಹೆಡ್ ಬಿಚ್ಚಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದೇಶಿ ಬಾಡಿಯೊಳಗೆ ಜಪಾನಿ ಎಂಜಿನ್ ಇರುವ ಕಾರುಗಳವು. ಕಂಟೆಸಾ ಕ್ಲಾಸಿಕ್ ಮತ್ತು ಅಂಬಾಸಿಡರ್ 1800 ಐಎಸ್‌ಝಡ್‌ನಲ್ಲಿರುವುದು ಇಸುಜು. ಪ್ರೀಮಿಯರ್ 118 ಎನ್‌ಇಯಲ್ಲಿರುವುದು ನಿಸಾನ್. ಹೆಸರಿನಲ್ಲಿರುವ ‘ಎನ್‌ಇ’ ಎಂದರೇ ನಿಸಾನ್ ಎಂಜಿನ್. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನದು 1993ರ ಕಂಟೆಸಾ ಕ್ಲಾಸಿಕ್ 1.8. ಉಡುಪಿಯಿಂದ ಬರುವಾಗ ಆಗುಂಬೆ ಘಾಟಿಯಲ್ಲಿ ರೇಡಿಯೇಟರ್ ಹೋಸ್ ಒಡೆಯಿತು. ನಿಲ್ಲಿಸಲು ಜಾಗ ಸಿಗದೆ ಮೂರು ಕಿಲೋಮೀಟರ್ ಹಾಗೆಯೇ ಹತ್ತಿಸಿದೆ. ಈಗ ನೀರು ಕಡಿಮೆಯಾಗುತ್ತಿದೆ, ಬಿಳಿ ಹೊಗೆ ಬರುತ್ತಿದೆ, ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥದ್ದು ಮೆತ್ತಿಕೊಂಡಿದೆ. ಎಂಜಿನ್ ಹೋಯಿತು, ಗುಜರಿಯಿಂದ ಬೇರೆ ತಂದು ಕೂರಿಸೋಣ ಎನ್ನುತ್ತಾರೆ ಮೆಕ್ಯಾನಿಕ್. ಏನು ಮಾಡಲಿ? — ಶಿವಮೊಗ್ಗದ ಓದುಗರು

ಎಂಜಿನ್ ಪೂರ್ತಿ ಹೋಗಿದೆ ಎನ್ನಲು ನಿಮ್ಮ ಪತ್ರದಲ್ಲಿ ಪುರಾವೆ ಇಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಹುಶಃ ಬಾಗಿದೆ ಎನ್ನಲು ಬೇಕಾದಷ್ಟಿದೆ. ಬ್ಲಾಕ್ ಎಂದರೆ ಸಿಲಿಂಡರುಗಳಿರುವ ಭಾಗ, ಹೆಡ್ ಎಂದರೆ ಅದರ ಮೇಲಿನ ಮುಚ್ಚಳ, ಗ್ಯಾಸ್ಕೆಟ್ ಎಂದರೆ ಎರಡರ ನಡುವಿನ ಹಾಳೆ. ಈ ಎಂಜಿನ್ನಿನ ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನೀರಿಲ್ಲದೆ ಕಾದಾಗ ಬೋಲ್ಟುಗಳು ಬಿಗಿಹಿಡಿದಿರುವುದರಿಂದ ಉದ್ದಕ್ಕೆ ಹಿಗ್ಗಲು ಜಾಗವಿಲ್ಲದೆ ನಡುವೆ ಉಬ್ಬುತ್ತದೆ, ತಣ್ಣಗಾದ ಮೇಲೂ ಅದೇ ಆಕಾರದಲ್ಲಿ ನಿಲ್ಲುತ್ತದೆ. ಬ್ಲಾಕ್ ಸಾಮಾನ್ಯವಾಗಿ ಬಚಾವ್.

ಮೊದಲ ಮಾತು: ‘ಒಮ್ಮೆ ನೋಡೋಣ’ ಎಂದು ಮತ್ತೆ ಸ್ಟಾರ್ಟ್ ಮಾಡಬೇಡಿ. ಬೆಣ್ಣೆಯಂತೆ ಕಂಡದ್ದು ನೀರು ಬೆರೆತ ಆಯಿಲ್. ಅದು ಕ್ರ್ಯಾಂಕ್ ಕೂರುವ ಬೇರಿಂಗ್ ಮೆಟಲ್‌ಗೆ ಹೋದರೆ ಹೆಡ್ಡಿನ ರಿಪೇರಿ ಕ್ರ್ಯಾಂಕಿನ ರಿಪೇರಿಯಾಗುತ್ತದೆ. ಆ ಆಯಿಲನ್ನು ಇವತ್ತೇ ಇಳಿಸಿ, ಅಗ್ಗದ 20ಡಬ್ಲ್ಯೂ-50 ಹಾಕಿ. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಒಂದೊಂದು ಸಿಲಿಂಡರಿಗೂ ಐದಾರು ಸುತ್ತು ಕ್ರ್ಯಾಂಕ್ ಮಾಡಿ, ಗೇಜಿನಲ್ಲಿ ಕಾಣುವ ಕಂಪ್ರೆಶನ್ (ಸಿಲಿಂಡರಿನ ಒಳಗಿನ ಒತ್ತಡ) ಬರೆದುಕೊಳ್ಳಿ. ಅಕ್ಕಪಕ್ಕದ ಎರಡರಲ್ಲಿ ಒಟ್ಟಿಗೇ ಬಿದ್ದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆ. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ತೊಂದರೆ ವಾಲ್ವಿನದು ಇಲ್ಲವೇ ಗ್ಯಾಸ್ಕೆಟ್ಟಿನದು. ಎಂಜಿನ್ ಬದಲಿಸುವ ಮಾತು ಈ ನಾಲ್ಕು ಅಂಕಿ ಕೈಗೆ ಬಂದ ಮೇಲೆ.

ಹೆಡ್ ಬಿಚ್ಚುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಕೈಹಚ್ಚಿದರೆ ಒಳ್ಳೆಯದು. ಒಂದನೇ ಸಿಲಿಂಡರನ್ನು ಟಾಪ್‌ಗೆ ತಂದು, ಟೈಮಿಂಗ್ ಚೈನಿಗೂ ಅದು ತಿರುಗಿಸುವ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಸ್ಪ್ರಾಕೆಟ್ಟಿಗೂ ಬಣ್ಣದ ಗುರುತು ಹಾಕಿ. ಟೆನ್ಶನರನ್ನು ಲಾಕ್ ಮಾಡಿ, ಸ್ಪ್ರಾಕೆಟ್ಟನ್ನು ಚೈನಿನ ಸಮೇತ ಕ್ಯಾಮಿನಿಂದ ಕಳಚಿ ಅಲ್ಲೇ ಗೈಡ್ ಮೇಲೆ ಕೂರಿಸಿ, ತಂತಿಯಿಂದ ಕಟ್ಟಿಬಿಡಿ. ಇದನ್ನು ಮರೆತು ಚೈನ್ ಸಡಿಲ ಬಿಟ್ಟರೆ ಟೆನ್ಶನರ್ ಹೊರಗೆ ಚಿಮ್ಮುತ್ತದೆ. ಆಮೇಲೆ ಮುಂದಿನ ಕವರ್ ಪೂರ್ತಿ ಬಿಚ್ಚಬೇಕು, ಅರ್ಧ ಗಂಟೆಯ ಕೆಲಸ ಎರಡು ದಿನಕ್ಕೆ ಹೋಗುತ್ತದೆ. ಚೈನಿನ ಗುಂಡಿಗೆ ಬಟ್ಟೆ ತುರುಕಿಡಿ, ವಾಷರ್ ಬೀಳುವುದೇ ಅಲ್ಲಿಗೆ. ಬೋಲ್ಟುಗಳನ್ನು ಎರಡೂ ತುದಿಯಿಂದ ನಡುವಿನ ಕಡೆಗೆ ಮೂರು ಸುತ್ತಿನಲ್ಲಿ ಸಡಿಲಿಸಿ. ಹೆಡ್ಡನ್ನು ಮುಂದೆ ಚೈನ್ ಕವರಿಗೆ ಹಿಡಿದಿರುವ ಸಣ್ಣ ಬೋಲ್ಟುಗಳನ್ನು ಬಿಚ್ಚಲು ಮರೆತವರು ಸ್ಕ್ರೂಡ್ರೈವರ್ ತುರುಕಿ ಮೀಟಿ, ಮುಖಕ್ಕೆ ಗಾಯ ಮಾಡಿ ತರುತ್ತಾರೆ.

ಇನ್ನು ಅಳತೆ. ಹೆಡ್ಡಿನ ಮುಖ ಒರೆಸಿ, ನೇರ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜ್ ತೂರಿಸಿ. 0.05 ಮಿಮೀ ಎಲೆ ಎಲ್ಲೂ ನುಗ್ಗದಿದ್ದರೆ ಹೊಸ ಗ್ಯಾಸ್ಕೆಟ್ ಸಾಕು. 0.10 ನುಗ್ಗಿದರೆ ಫೇಸಿಂಗ್ (ಮುಖವನ್ನು ತುಸು ಕೆರೆದು ಸಪಾಟು ಮಾಡುವುದು) ಬೇಕೇ ಬೇಕು. 0.20 ದಾಟಿದರೆ ಬರೀ ಫೇಸಿಂಗ್ ಸಾಲದು, ಮತ್ತು ಲೇತಿನವರಲ್ಲಿ ಅನೇಕರು ತಪ್ಪುವುದು ಇಲ್ಲೇ. ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಹೆಡ್ಡಿನ ಮೇಲೇ ಕೂತಿದೆ. ಹೆಡ್ ಬಾಗಿದೆ ಎಂದರೆ ಕ್ಯಾಮ್ ಕೂರುವ ಸಾಲೂ ಬಾಗಿದೆ. ಕೆಳಗಿನ ಮುಖ ಸಪಾಟು ಮಾಡಿದರೆ ಮೇಲಿನ ಬಾಗು ಹೋಗುವುದಿಲ್ಲ. ಪರೀಕ್ಷೆ ಸುಲಭ: ರಾಕರ್ ಶಾಫ್ಟಿನ ಒತ್ತಡವಿಲ್ಲದೆ, ಕ್ಯಾಪ್‌ಗಳನ್ನಷ್ಟೇ ಬಿಗಿದು, ಆಯಿಲ್ ಹಚ್ಚಿ ಕ್ಯಾಮನ್ನು ಬೆರಳಿನಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಎಲ್ಲೋ ಒಂದು ಕಡೆ ಹಿಡಿದು, ಇನ್ನೊಂದು ಕಡೆ ಬಿಟ್ಟರೆ ಹೆಡ್ಡನ್ನು ಮೊದಲು ನೇರ ಮಾಡಿಸಬೇಕು: ದಪ್ಪ ಉಕ್ಕಿನ ಪ್ಲೇಟಿಗೆ ಎರಡೂ ತುದಿಯಲ್ಲಿ ಶಿಮ್ ಕೊಟ್ಟು ನಡುವೆ ಬಿಗಿದು, ಓವನ್ನಿನಲ್ಲಿ ಸುಮಾರು 230–250 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು, ಒಳಗೇ ನಿಧಾನವಾಗಿ ಆರಲು ಬಿಡುತ್ತಾರೆ. ಫೇಸಿಂಗ್ ಅದರ ನಂತರ. ಗ್ಯಾಸ್ ಜ್ವಾಲೆ ಹಿಡಿದು ಸುತ್ತಿಗೆಯಲ್ಲಿ ಬಡಿದು ನೇರ ಮಾಡುವವರಿಂದ ದೂರವಿರಿ.

ಫೇಸಿಂಗಿಗೆ ಮೊದಲೇ ಪ್ರೆಶರ್ ಟೆಸ್ಟ್ ಮಾಡಿಸಿ. ನೀರಿನ ದಾರಿಗಳಿಗೆ ರಬ್ಬರ್ ಪ್ಲೇಟ್ ಬಿಗಿದು, ಹೆಡ್ಡನ್ನು ಬಿಸಿನೀರಿನಲ್ಲಿ ಮುಳುಗಿಸಿ 3 ಬಾರ್ ಗಾಳಿ ಬಿಡಬೇಕು. ತಣ್ಣೀರಿನಲ್ಲಿ ಕಾಣದ ಬಿರುಕು ಬಿಸಿನೀರಿನಲ್ಲಿ ಗುಳ್ಳೆಯಾಗಿ ಬರುತ್ತದೆ. ಹೆಚ್ಚಾಗಿ ಅದು ಎರಡು ವಾಲ್ವ್ ಸೀಟಿನ ನಡುವೆ, ಅಥವಾ ಸೀಟಿನಿಂದ ಪ್ಲಗ್ ತೂತಿನ ಕಡೆಗೆ ಇರುತ್ತದೆ.

ಎಷ್ಟು ತೆಗೆಯಬಹುದು? ಬೋರ್ 84 ಮಿಮೀ, ಸ್ಟ್ರೋಕ್ 82, ಅಂದರೆ ಸಿಲಿಂಡರಿಗೆ 454 ಸಿಸಿ. ಕಂಪ್ರೆಶನ್ 8.5 ಎಂದಿಟ್ಟುಕೊಂಡರೆ ಉರಿಯುವ ಕೋಣೆ ಸುಮಾರು 60 ಸಿಸಿ. 0.25 ಮಿಮೀ ತೆಗೆದಾಗ ಅದರಲ್ಲಿ ಒಂದು ಸಿಸಿಗಿಂತ ಸ್ವಲ್ಪ ಹೆಚ್ಚು ಕಡಿಮೆಯಾಗಿ, ಕಂಪ್ರೆಶನ್ 8.65ರ ಹತ್ತಿರ ಬರುತ್ತದೆ. ಇದರಿಂದ ಅಪಾಯವಿಲ್ಲ. ಅಪಾಯ ಇರುವುದು ಹಿಂದೆ ಎಷ್ಟು ಸಲ ತೆಗೆಸಿದ್ದಾರೋ ಅದರಲ್ಲಿ. ಹೆಡ್ಡಿನ ಎತ್ತರವನ್ನು ವರ್ನಿಯರಿನಲ್ಲಿ ನಾಲ್ಕು ಮೂಲೆಯಲ್ಲೂ ಅಳೆದು, ಮ್ಯಾನುಯಲ್ಲಿನ ಕನಿಷ್ಠ ಎತ್ತರಕ್ಕೆ ಹೋಲಿಸಿ. ಹೆಡ್ ತಗ್ಗಿದಷ್ಟೂ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರವಾಗಿ ವಾಲ್ವ್ ಟೈಮಿಂಗ್ ತುಸು ಹಿಂದೆ ಬೀಳುತ್ತದೆ ಎಂಬುದೂ ನೆನಪಿರಲಿ.

ಕೂರಿಸುವಾಗ ಬ್ಲಾಕಿನ ಬೋಲ್ಟ್ ತೂತುಗಳಲ್ಲಿ ನೀರಾಗಲಿ ಆಯಿಲ್ ಆಗಲಿ ಉಳಿಯಬಾರದು. ತಳ ಮುಚ್ಚಿದ ತೂತಿನಲ್ಲಿ ದ್ರವ ಸಿಕ್ಕಿಹಾಕಿಕೊಂಡರೆ ಬೋಲ್ಟ್ ಬಿಗಿಯುವಾಗ ಬ್ಲಾಕೇ ಬಿರಿಯಬಹುದು, ಟಾರ್ಕ್ ರೆಂಚಿನ ಅಂಕಿಯೂ ಸುಳ್ಳು ಹೇಳುತ್ತದೆ. ಟ್ಯಾಪ್ ಹಾಕಿ ಥ್ರೆಡ್ ಶುಚಿಮಾಡಿ ಗಾಳಿ ಊದಿ. ಬಿಗಿಯುವುದು ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ. ಬಾಗಿದ ಹೆಡ್ಡಿನ ಜೊತೆ ಎಳೆದುಕೊಂಡಿದ್ದ ಬೋಲ್ಟುಗಳನ್ನು ಬದಲಿಸಿ. ಟ್ಯಾಪೆಟ್ ಅಂತರ ತಣ್ಣಗಿರುವಾಗ ಇನ್ಲೆಟ್ 0.15, ಎಕ್ಸಾಸ್ಟ್ 0.25 ಮಿಮೀ. ಮೊದಲು ಹಾಕಿದ ಆಯಿಲನ್ನು 15–20 ನಿಮಿಷ ಐಡಲ್ ಓಡಿಸಿ ಫಿಲ್ಟರ್ ಸಮೇತ ಬದಲಿಸಿ, 500 ಕಿಮೀಗೆ ಇನ್ನೊಮ್ಮೆ.

ಹೋಸ್ ಯಾಕೆ ಒಡೆಯಿತು ಎಂದು ಯಾರೂ ಕೇಳಿಲ್ಲ ಅಲ್ಲವೇ? ಹಳೆಯ ರಬ್ಬರ್ ಒಂದು ಕಾರಣ. ರೇಡಿಯೇಟರಿನ ಕೊಳವೆಗಳು ಅರ್ಧ ಕಟ್ಟಿರುವುದು ಇನ್ನೊಂದು. ರೇಡಿಯೇಟರ್ ಬಿಚ್ಚಿಸಿ, ಮೇಲಿನ ಟ್ಯಾಂಕ್ ತೆಗೆಸಿ ರಾಡ್ ಹಾಕಿಸಿ. ಥರ್ಮೋಸ್ಟಾಟನ್ನು ಪಾತ್ರೆಯ ನೀರಿಗೆ ದಾರದಲ್ಲಿ ಇಳಿಬಿಟ್ಟು ಕಾಯಿಸಿ, ಅದರ ಮೇಲೆ ಕೊರೆದಿರುವ ಉಷ್ಣತೆಗೆ ತೆರೆಯುತ್ತದೆಯೇ ನೋಡಿ. ‘ನಮ್ಮ ಊರಿನ ಬಿಸಿಲಿಗೆ ಬೇಡ’ ಎಂದು ಅದನ್ನೇ ಕಿತ್ತು ಎಸೆಯುವ ರೂಢಿ ಬಿಡಬೇಕು. ಬೈಪಾಸ್ ದಾರಿ ಸದಾ ತೆರೆದೇ ಉಳಿದು, ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೇ ಹೋಗದೆ ಸುತ್ತುತ್ತದೆ.

ಪ್ರಶ್ನೆ: ಅದೇ ಇಸುಜು ಎಂಜಿನ್. ಬೋರಿಂಗ್ 20 ಥೌ (ಇಂಚಿನ ಸಾವಿರದಲ್ಲಿ 20 ಭಾಗ) ಮಾಡಿಸಿಯಾಯಿತು. ಈಗ ಆ ಅಳತೆಯ ಪಿಸ್ಟನ್ ಎಲ್ಲೂ ಸಿಗುತ್ತಿಲ್ಲ. — ಹಾಸನ

ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡೇ ಲೇತಿಗೆ ಹೋಗಬೇಕಿತ್ತು. ಒಂದೇ ಡಬ್ಬಿಯ ನಾಲ್ಕು ಪಿಸ್ಟನ್ನುಗಳಲ್ಲೂ ಮಿಲಿಮೀಟರಿನ ನೂರನೇ ಒಂದು ಭಾಗದ ಹೆಚ್ಚುಕಡಿಮೆ ಇರಬಹುದು. ಒಳ್ಳೆಯ ಬೋರಿಂಗಿನವರು ಪ್ರತಿ ಪಿಸ್ಟನ್ನಿನ ಸ್ಕರ್ಟ್ ಅಳೆದು, ಅದರದರ ಸಿಲಿಂಡರನ್ನು ಅದಕ್ಕೆ ತಕ್ಕಂತೆ ಹೋನ್ ಮಾಡಿ ನಂಬರ್ ಹಾಕುತ್ತಾರೆ.

ಈಗ ಹುಡುಕುವುದು ಹೇಗೆ? ‘ಕಂಟೆಸಾ ಪಿಸ್ಟನ್’ ಎಂದು ಕೇಳಬೇಡಿ. ಕಂಟೆಸಾ 2002ಕ್ಕೇ ನಿಂತಿತು. ಆದರೆ ಇದೇ 1.8 ಎಂಜಿನ್ನಿನ ಅಂಬಾಸಿಡರ್ ಆಮೇಲೂ ಹಲವು ವರ್ಷ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಿಂದ ಬರುತ್ತಲೇ ಇತ್ತು. ‘ಅಂಬಾಸಿಡರ್ ಐಎಸ್‌ಝಡ್ ಪೆಟ್ರೋಲ್, 84 ಬೋರ್, 0.50 ಓವರ್‌ಸೈಜ್’ ಎಂದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿ. 20 ಥೌ ಎಂದರೆ ಅದೇ 0.50. ವಿದೇಶದಲ್ಲಿ ಹುಡುಕುವುದಾದರೆ ಇದರ ಹಳೆಯ ಹೆಸರು ಜಿ180ಝಡ್, ಹೊಸ ಹೆಸರು 4ಝಡ್‌ಬಿ1. ಷೆವ್ರೊಲೆ ಲವ್ ಎಂಬ ಸಣ್ಣ ಪಿಕಪ್ಪಿನಲ್ಲೂ ಇದೇ ಎಂಜಿನ್ ಇತ್ತು. ತರಿಸುವ ಮುನ್ನ ಗಜಿಯನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್) ದಪ್ಪ, ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರ, ಮೂರೂ ರಿಂಗಿನ ದಪ್ಪ ತಾಳೆ ನೋಡಿ.

ಸಿಗಲೇ ಇಲ್ಲವೆಂದರೆ 40 ಥೌವರೆಗೆ ಹೋಗಬಹುದು. ಅದಕ್ಕೂ ಪಿಸ್ಟನ್ ಸಿಗದಿದ್ದರೆ ನಾಲ್ಕಕ್ಕೂ ಡ್ರೈ ಸ್ಲೀವ್ (ಸಿಲಿಂಡರಿನ ಒಳ ಕೊಳವೆ) ಒತ್ತಿಸಿ ಸ್ಟ್ಯಾಂಡರ್ಡ್ ಬೋರಿಗೆ ಮರಳಿ. ಸ್ಲೀವ್ ಒತ್ತಿದ ಮೇಲೆ ಬ್ಲಾಕಿನ ಮೇಲ್ಮುಖವನ್ನು ಫೇಸ್ ಮಾಡಲೇಬೇಕು. ಸ್ಲೀವ್ ಕೂದಲಷ್ಟು ಕೆಳಗಿದ್ದರೂ ಗ್ಯಾಸ್ಕೆಟ್ಟಿನ ಬೆಂಕಿ ಉಂಗುರ ಅಲ್ಲಿ ಹಿಡಿಯುವುದಿಲ್ಲ. ರಿಂಗನ್ನು ಬೋರಿನೊಳಗೆ ಪಿಸ್ಟನ್ನಿನಿಂದಲೇ ನೇರ ತಳ್ಳಿ ಬಾಯಿ ಅಳೆಯಿರಿ. 84 ಬೋರಿಗೆ ಮೇಲಿನ ರಿಂಗ್ 0.30 ಮಿಮೀ ಆಸುಪಾಸು ಇರಲಿ. 0.15ಕ್ಕೆ ಬಿಟ್ಟರೆ ಬಿಸಿಗೆ ಎರಡೂ ತುದಿ ತಾಗಿ ಬೋರ್ ಗೀರುತ್ತದೆ.

ಪ್ರಶ್ನೆ: ಅಪ್ಪನ 118 ಎನ್‌ಇ ನಾಲ್ಕು ವರ್ಷ ಶೆಡ್ಡಿನಲ್ಲೇ ಇತ್ತು. ಎಂಜಿನ್ ತಿರುಗುತ್ತಿಲ್ಲ. ಜೀಪಿಗೆ ಕಟ್ಟಿ ಎಳೆದರೆ ಬಿಡುತ್ತದೆ ಎನ್ನುತ್ತಾರೆ. — ಮಂಗಳೂರು

ಬಿಡುತ್ತದೆ, ಆದರೆ ರಿಂಗ್ ಮುರಿದು ಬಿಡುತ್ತದೆ. ಎಳೆಯಬೇಡಿ.

ಕಡಲ ತೀರದ ತೇವಕ್ಕೆ, ತೆರೆದ ವಾಲ್ವ್ ಇರುವ ಸಿಲಿಂಡರಿನಲ್ಲಿ ತುಕ್ಕು ಹಿಡಿದು ರಿಂಗ್ ಅಂಟಿರುತ್ತದೆ. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ 50 ಎಂಎಲ್‌ನಷ್ಟು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಮತ್ತು ಅಸಿಟೋನ್ ಸಮಪಾಲಿನ ಮಿಶ್ರಣ ಹಾಕಿ. ಹತ್ತಿರ ಬೀಡಿ, ಬಲ್ಬು, ಬೆಂಕಿ ಬೇಡ. ಎರಡು ಮೂರು ದಿನ ಬಿಟ್ಟು, ಮತ್ತೆ ಹಾಕಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಕೆಯ ಸಾಕೆಟ್ ಹಾಕಿ ಒಂದೇ ಕಡೆಗೆ ಜಗ್ಗದೆ, ಹಿಂದೆ ಮುಂದೆ ತುಸು ತುಸು ಅಲುಗಿಸಿ. ಒಂದು ಎಳೆಯಷ್ಟು ಸರಿದರೂ ಗೆದ್ದಂತೆ. ಅವತ್ತಿಗೆ ಅಷ್ಟೇ ಸಾಕು.

ಈ ನಿಸಾನ್ ಎ12 ಎಂಜಿನ್ 1171 ಸಿಸಿಯದು, ಪುಶ್‌ರಾಡಿನದು, ಕ್ಯಾಮ್ ಬ್ಲಾಕಿನೊಳಗಿದೆ. ಹಾಗಾಗಿ ತಿರುಗಿಸುವ ಮೊದಲು ರಾಕರ್ ಶಾಫ್ಟ್ ಬಿಚ್ಚಿ ಎಂಟೂ ಪುಶ್‌ರಾಡ್ ಹೊರತೆಗೆದು ಕ್ರಮವಾಗಿ ರಟ್ಟಿಗೆ ಚುಚ್ಚಿಡಿ. ಗೈಡಿನಲ್ಲಿ ಅಂಟಿದ ವಾಲ್ವ್ ಇದ್ದರೆ ಮೊದಲು ಬಾಗುವುದು ಪುಶ್‌ರಾಡೇ. ಒಂದೊಂದು ವಾಲ್ವಿನ ತಲೆಯನ್ನೂ ಮರದ ಸುತ್ತಿಗೆಯಲ್ಲಿ ಮೆಲ್ಲನೆ ತಟ್ಟಿ. ಒಳಗೆ ಹೋಗಿ ಟಕ್ ಎಂದು ಮರಳಿ ಬರಬೇಕು. ಹಾಕಿದ ದ್ರವ ಕೆಳಗೆ ಇಳಿದಿರುತ್ತದೆ, ಆದ್ದರಿಂದ ಸ್ಟಾರ್ಟಿಗೆ ಮುಂಚೆ ಆಯಿಲ್ ಬದಲಿಸಿ. ಪ್ಲಗ್ ಇಲ್ಲದೆ ಕ್ರ್ಯಾಂಕ್ ಮಾಡಿ ಆಯಿಲ್ ಪ್ರೆಶರ್ ದೀಪ ಆರಿದ ಮೇಲೆ ಮಾತ್ರ ಪ್ಲಗ್ ಹಾಕಿ. ಟ್ಯಾಪೆಟ್ ಬಿಸಿ ಎಂಜಿನ್ನಿನಲ್ಲಿ ಎರಡಕ್ಕೂ 0.35 ಮಿಮೀ. ಟ್ಯಾಂಕಿನ ಹಳೆಯ ಪೆಟ್ರೋಲ್ ಚೆಲ್ಲಿ. ಈಗ ಬಂಕಿನಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ತಡೆಯುವ ಹೋಸ್ ಮತ್ತು ಪಂಪಿನ ಡಯಾಫ್ರಮ್ ಈಗಲೇ ಹಾಕಿಸಿ. ಎಥನಾಲಿಗೆ ಮಿಶ್ರಣ ತೆಳುವಾಗುತ್ತದೆ. ಏರು ಹತ್ತುವಾಗ ತಡವರಿಸಿದರೆ ಮೇನ್ ಜೆಟ್ ಒಂದು ಅಳತೆ ದೊಡ್ಡದು ಬೇಕಾಗಬಹುದು.

ಬ್ಲಾಕಿನ ಪಕ್ಕದ ಕೋರ್ ಪ್ಲಗ್‌ಗಳನ್ನು (ನೀರಿನ ದಾರಿ ಮುಚ್ಚುವ ತಗಡಿನ ಬಿಲ್ಲೆಗಳು) ಉಗುರಿನಿಂದ ಒತ್ತಿ ನೋಡಿ. ಬರೀ ನಲ್ಲಿ ನೀರು ಹಾಕಿ ನಿಲ್ಲಿಸಿದ ಕಾರಿನಲ್ಲಿ ಅವು ಕಾಗದದಷ್ಟು ತೆಳುವಾಗಿರುತ್ತವೆ.

ಪ್ರಶ್ನೆ: ಅಂಡರ್‌ಪಾಸಿನ ನೀರಿನಲ್ಲಿ ಅಂಬಾಸಿಡರ್ ಐಎಸ್‌ಝಡ್ ನಿಂತುಹೋಯಿತು. ಮರುದಿನ ಸ್ಟಾರ್ಟ್ ಆಯಿತು, ಆದರೆ ಒಂದು ಸಿಲಿಂಡರ್ ಸೋತಂತಿದೆ, ಕೆಳಗಿನಿಂದ ಬಡಿತವೂ ಇದೆ. — ಬೆಂಗಳೂರು

ನೀರು ಒತ್ತಿದರೆ ಕುಗ್ಗುವುದಿಲ್ಲ, ಹಾಗಾಗಿ ಕನೆಕ್ಟಿಂಗ್ ರಾಡ್ ಬಾಗಿರುತ್ತದೆ. ಬಿಚ್ಚದೆಯೇ ತಿಳಿಯಬಹುದು: ಪ್ಲಗ್ ತೂತಿನಿಂದ ತೆಳು ಕಡ್ಡಿ ಬಿಟ್ಟು, ಪ್ರತಿ ಪಿಸ್ಟನ್ನೂ ಟಾಪ್‌ಗೆ ಬಂದಾಗ ಕಡ್ಡಿ ಎಷ್ಟು ಹೊರಗಿದೆ ಎಂದು ವರ್ನಿಯರಿನಲ್ಲಿ ಅಳೆಯಿರಿ. ಮೂರು ಸಮನಾಗಿದ್ದು, ಉಳಿದದ್ದು ಅರ್ಧ ಮಿಲಿಮೀಟರ್ ತಗ್ಗಿದ್ದರೆ ಅದೇ ಬಾಗಿದ ರಾಡ್. ಅದನ್ನು ಪ್ರೆಸ್ಸಿನಲ್ಲಿ ನೇರ ಮಾಡಿಸಬೇಡಿ, ಬದಲಿಸಿ. ಬಾಗಿ ನೆಟ್ಟಗಾದ ರಾಡ್ ಮುರಿಯುವುದು ಹೆದ್ದಾರಿಯಲ್ಲಿ, ಮುರಿದಾಗ ಬ್ಲಾಕಿಗೆ ಕಿಟಕಿ ಇಟ್ಟೇ ಹೋಗುತ್ತದೆ. ಆ ಜರ್ನಲ್ಲಿನ ಮೆಟಲ್ಲನ್ನೂ ನೋಡಿ. ಕ್ರ್ಯಾಂಕಿನಲ್ಲಿ ಉಗುರಿಗೆ ತಾಗುವ ಗೀರಿದ್ದರೆ ಎಲ್ಲ ಜರ್ನಲ್ಲುಗಳಿಗೂ ಒಟ್ಟಿಗೆ 10 ಥೌ ಗ್ರೈಂಡಿಂಗ್, ಅದೇ ಅಳತೆಯ ಮೆಟಲ್.

ಬಡಿತ ಕೇಳಿಸಿದ ಮೇಲೂ ಓಡಿಸುತ್ತಿದ್ದರೆ ಇಂದೇ ನಿಲ್ಲಿಸಿ.

ಪ್ರಶ್ನೆ: ಶಿವಾಜಿನಗರದ ಗುಜರಿಯಲ್ಲಿ ಇಸುಜು 1.8 ಎಂಜಿನ್ ಇದೆ. ಕೊಳ್ಳುವಾಗ ಏನು ನೋಡಬೇಕು? ಆರ್‌ಸಿ ಕಥೆ ಏನು? — ತುಮಕೂರು

ಮೊದಲು ಆರ್‌ಸಿ, ಯಾಕೆಂದರೆ ಎಲ್ಲರೂ ಕೊನೆಗೆ ನೋಡುವುದು ಅದನ್ನೇ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಾರು ಆರ್‌ಸಿಯಲ್ಲಿನ ವಿವರಕ್ಕೆ ಹೊಂದಬೇಕು. ಎಂಜಿನ್ ನಂಬರ್ ಆ ವಿವರಗಳಲ್ಲೊಂದು. ಕೊಳ್ಳುವ ಮೊದಲೇ ಆರ್‌ಟಿಒಗೆ ಅರ್ಜಿ ಕೊಟ್ಟು ಒಪ್ಪಿಗೆ ಪಡೆದು, ಕೂರಿಸಿದ ಮೇಲೆ ಕಾರು ತೋರಿಸಿ ಹೊಸ ನಂಬರ್ ನಮೂದಿಸಿಕೊಳ್ಳಿ. ಅದಕ್ಕೆ ಮಾರಿದವರ ಬಿಲ್ ಬೇಕು, ಅದರಲ್ಲಿ ಎಂಜಿನ್ ನಂಬರ್ ಇರಬೇಕು, ಯಾವ ಕಾರಿನಿಂದ ಬಂತು ಎಂಬ ದಾಖಲೆಯೂ ಇದ್ದರೆ ಒಳ್ಳೆಯದು. ನಂಬರ್ ಉಜ್ಜಿದ ಎಂಜಿನ್ ಬಿಟ್ಟಿ ಕೊಟ್ಟರೂ ಬೇಡ. ಹದಿನೈದು ವರ್ಷ ದಾಟಿದ ಕಾರು ಐದು ವರ್ಷಕ್ಕೊಮ್ಮೆ ಮರುನೋಂದಣಿಗೆ ಹೋಗಲೇಬೇಕು. ಇನ್‌ಸ್ಪೆಕ್ಟರ್ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವಾಗ ಹೊಂದದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ.

ನೋಡಬೇಕಾದದ್ದು: ಪುಲ್ಲಿ ಬೋಲ್ಟಿನಿಂದ ಎರಡು ಪೂರ್ತಿ ಸುತ್ತು ಕೈಯಲ್ಲಿ ತಿರುಗಬೇಕು. ವಾಲ್ವ್ ಕವರ್ ತೆಗೆಸಿ. ಕಪ್ಪು ಗಸಿ ಇದ್ದರೆ ಆಯಿಲ್ ಬದಲಿಸಿಲ್ಲ, ಕ್ಯಾಮಿನ ಮೂಗು ಸವೆದಿರುತ್ತದೆ. ಕೆಳಗಿನ ಆಯಿಲ್ ಚೇಂಬರ್ ಬಿಚ್ಚಲು ಒಪ್ಪದಿದ್ದರೆ ಹಿಂತಿರುಗಿ. ಒಪ್ಪಿದರೆ ತಳದ ಕೆಸರನ್ನು ಬೆರಳಲ್ಲಿ ಹಿಡಿದು ಬಿಸಿಲಿಗೆ ತೋರಿಸಿ. ಬೆಳ್ಳಿ ಮಿನುಗು ಅಥವಾ ತಾಮ್ರದ ಪುಡಿ ಕಂಡರೆ ಮೆಟಲ್ ಹೋಗಿದೆ. ಸ್ಟಾರ್ಟರ್ ಕಟ್ಟಿ ನೆಲದ ಮೇಲೇ ಕಂಪ್ರೆಶನ್ ನೋಡಿ. ತಣ್ಣನೆಯ ಎಂಜಿನ್ನಿನಲ್ಲಿ ಅಂಕಿ ಕಡಿಮೆ ಬಂದೀತು, ಆದರೆ ನಾಲ್ಕರ ನಡುವೆ ಶೇ. 10–15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅಂಬಾಸಿಡರಿನಿಂದ ಬಂದದ್ದಾದರೆ ಆಯಿಲ್ ಚೇಂಬರಿನ ಆಕಾರ ಮತ್ತು ಮೌಂಟಿಂಗ್ ಬ್ರಾಕೆಟ್ಟನ್ನು ನಿಮ್ಮದರ ಪಕ್ಕ ಇಟ್ಟು ಹೋಲಿಸಿ. ಹಳೆಯ ಎಂಜಿನ್ನಿನ ಚೇಂಬರ್, ಬ್ರಾಕೆಟ್, ಮ್ಯಾನಿಫೋಲ್ಡ್ ಹೊಸದಕ್ಕೆ ಕೂರುವವರೆಗೆ ಎಸೆಯಬೇಡಿ. ಎಂಜಿನ್ ಹೊರಗಿರುವಾಗಲೇ ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಪೈಲಟ್ ಬೇರಿಂಗ್ ಬದಲಿಸಿಬಿಡಿ.

ಪ್ರಶ್ನೆ: ನಾನು ಶಾರ್ಜಾದಲ್ಲಿದ್ದೇನೆ. ಇಲ್ಲಿ ಹಳೆಯ ಜಪಾನಿ ಎಂಜಿನ್ ಬೇಕಾದಷ್ಟು. ಕುಂದಾಪುರದ ಮನೆಯ ಕಂಟೆಸಾಗೆ ಒಂದು ಕಳಿಸಲೇ? — ಓದುಗರು

ಬಳಸಿದ ಎಂಜಿನ್ ಬೇಡ. ಹಳೆಯ ಬಿಡಿಭಾಗಗಳ ಆಮದಿಗೆ ಡಿಜಿಎಫ್‌ಟಿಯ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಅನುಮತಿ ಬೇಕು, ಒಂದು ಮನೆಯ ಕಾರಿಗೆ ಆ ಓಡಾಟ ಗಿಟ್ಟುವುದಿಲ್ಲ. ಹೊಸ ಗ್ಯಾಸ್ಕೆಟ್ ಸೆಟ್, ಪಿಸ್ಟನ್, ಮೆಟಲ್, ಚೈನ್ ಕಿಟ್ ತರುವುದಕ್ಕೆ ಆ ತೊಡಕಿಲ್ಲ. ಬಿಲ್ ಇಟ್ಟುಕೊಳ್ಳಿ, ಸುಂಕ ಕೇಳಿದರೆ ಕಟ್ಟಿ. ಮೇಲೆ ಹೇಳಿದ ಜಿ180ಝಡ್ ಹೆಸರಿನಲ್ಲೇ ಕೇಳಿ.

ಪ್ರಶ್ನೆ: ಕಂಟೆಸಾ ಪೆಟ್ರೋಲ್ ತೆಗೆದು ಇಸುಜು ಡೀಸೆಲ್ ಹಾಕಿದರೆ ಹೇಗೆ? — ಹುಬ್ಬಳ್ಳಿ

1995 ಸಿಸಿಯ ಆ ಡೀಸೆಲ್ ಕಂಪನಿಯೇ ಕಂಟೆಸಾದಲ್ಲಿ ಕೊಟ್ಟದ್ದು, ಕೂರುತ್ತದೆ. ಆದರೆ ಅದರ ಮೌಂಟ್, ಮುಂದಿನ ಸ್ಪ್ರಿಂಗ್, ಬ್ರೇಕಿಗೆ ವ್ಯಾಕ್ಯೂಮ್ ಪಂಪ್, ಟ್ಯಾಂಕಿಗೆ ಮರಳುವ ಡೀಸೆಲ್ ಪೈಪ್, ಹೀಟರ್ ಪ್ಲಗ್ಗಿನ ವೈರಿಂಗ್ ಎಲ್ಲವೂ ಬೇಕು, ಆರ್‌ಸಿಯಲ್ಲಿ ಇಂಧನವೂ ಬದಲಾಗಬೇಕು. ಅದಕ್ಕೆ ಟೈಮಿಂಗ್ ಬೆಲ್ಟ್ ಇದೆ, ಚೈನ್ ಅಲ್ಲ. ಬೆಲ್ಟ್ ತುಂಡಾದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ. ನಿಮ್ಮ ಪೆಟ್ರೋಲ್ ಎಂಜಿನ್ನಿನ ಬ್ಲಾಕ್ ಬಿರಿದಿದೆಯೇ? ಪತ್ರದಲ್ಲಿ ಬರೆದಿಲ್ಲ. ಬಿರಿಯದಿದ್ದರೆ ಆ ಹಣದಲ್ಲಿ ಅದನ್ನೇ ಬೋರಿಂಗ್ ಮಾಡಿಸಿ.